ಅಪ್ಪ-ಅಮ್ಮನ ಆರೈಕೆಗೆ ರಜೆ ಎಲ್ಲಿದೆ?

ಮರೆವಿನ ಕಾಯಿಲೆಯ ತಾಯಿಯನ್ನು ಮನೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುವವರಿಗೆ ಬೆಳಗಾಗುವುದೇ ಹೋಮ್ ನರ್ಸ್ ಬರುತ್ತಾಳೋ ಇಲ್ಲವೋ ಎಂಬ ಆತಂಕದಲ್ಲಿ. ಎಂಟು ಗಂಟೆಗೆ ಬರಬೇಕಾದವಳು ಫೋನ್ ಮಾಡಿ ‘ಮೇಡಂ, ಇವತ್ತು ಊರಿಗೆ ಹೋಗ್ಬೇಕು’ ಎಂದರೆ ಆ ದಿನದ ಲೆಕ್ಕವೆಲ್ಲ ತಲೆಕೆಳಗು. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಮಾತ್ರೆ ಡಬ್ಬಿಯನ್ನು ಮೇಲಿನ ಕಪಾಟಿಗೆ ಸೇರಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಓಡಬೇಕು. ಆಮೇಲೆ ಮೀಟಿಂಗಿನ ನಡುವೆ ಮೇಜಿನ ಕೆಳಗೆ ಮೊಬೈಲ್ ಹಿಡಿದು, ಅಮ್ಮ ಹಾಸಿಗೆಯಲ್ಲೇ ಇದ್ದಾರಾ ಎಂದು ಕ್ಯಾಮೆರಾದಲ್ಲಿ ನೋಡುತ್ತಿರಬೇಕು. ಮಗುವಿಗೆ ಜ್ವರ ಎಂದರೆ ತಲೆಯಾಡಿಸುವ ಮೇಲಧಿಕಾರಿಗೆ, ಅತ್ತೆ ರಾತ್ರಿಯೆಲ್ಲ ಮಲಗಲಿಲ್ಲ ಎಂದರೆ ಅರ್ಥವಾಗುವುದು ಕಷ್ಟ. ಹೀಗಾಗಿ ತಮಗೇ ಹುಷಾರಿಲ್ಲ ಎಂದು ಬರೆದು ರಜೆ ಹಾಕುವವರಿದ್ದಾರೆ.

ನಮ್ಮ ಕಾನೂನಿಗೆ ಮಕ್ಕಳ ಹೊಣೆ ಗೊತ್ತಿಲ್ಲವೆಂದಲ್ಲ. ಹೆತ್ತವರು ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಡಿ ಜೀವನಾಂಶ ಕೊಡಿಸಬಹುದು. ಕೈಬಿಟ್ಟವರಿಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಅದೇ ಹೊಣೆ ಹೊರಲು ಮಗನಿಗಾಗಲೀ ಮಗಳಿಗಾಗಲೀ ಆ ಕಾಯ್ದೆ ಒಂದು ದಿನದ ರಜೆಯನ್ನೂ ಕೊಡುವುದಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದೇ ಸೇವಾವಧಿಯಲ್ಲಿ 730 ದಿನಗಳ ರಜೆ ಉಂಟು. ಹೆತ್ತವರ ಆರೈಕೆಗೆ? ಗಳಿಕೆ ರಜೆ, ಸಾಂದರ್ಭಿಕ ರಜೆಗಳನ್ನೇ ಬಳಸಿಕೊಳ್ಳಬಹುದು ಎಂಬ ಉತ್ತರ 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಬಂತು. ಇದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ. ಮಗು ಬೆಳೆಯುತ್ತ ಹೋದಂತೆ ಕೆಲಸ ಹಗುರವಾಗುತ್ತದೆ, ಲಕ್ವ ಹೊಡೆದ ಅಪ್ಪನ ವಿಷಯದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ.

ಜಪಾನಿನಲ್ಲಿ ಕುಟುಂಬದ ಒಬ್ಬೊಬ್ಬರ ಶುಶ್ರೂಷೆಗೂ 93 ದಿನಗಳ ರಜೆಯನ್ನು ಮೂರು ಕಂತಿನಲ್ಲಿ ಪಡೆಯಬಹುದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ವರ್ಷಕ್ಕೊಂದು ವಾರ ಸಿಗುತ್ತಿದೆ, ಅದೂ ಸಂಬಳವಿಲ್ಲದೆ.

ರಜೆ ಇಲ್ಲದಾಗ ಮನೆಯಲ್ಲಿ ನಡೆಯುವ ಮಾತು ಒಂದೇ: ‘ನೀನೇ ಕೆಲಸ ಬಿಡು, ನಿನ್ನ ಸಂಬಳ ಕಮ್ಮಿ ತಾನೆ?’ ಹೀಗೆ ಹೇಳಿಸಿಕೊಳ್ಳುವುದು ಸಾಮಾನ್ಯವಾಗಿ ಸೊಸೆ, ಇಲ್ಲವೇ ಮದುವೆಯಾಗದ ಮಗಳು. ಮನೆಯವರ ಆರೈಕೆಯಲ್ಲಿ ತೊಡಗುವ 15ರಿಂದ 59ರ ವಯಸ್ಸಿನ ಹೆಂಗಸರು ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 74 ನಿಮಿಷ ಎಂದು 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುತ್ತದೆ. ಮಕ್ಕಳ ಆರೈಕೆಯೂ ಇದರಲ್ಲಿ ಸೇರಿದೆ. ಐವತ್ತರ ಹೊಸ್ತಿಲಲ್ಲಿ ನೌಕರಿ ಬಿಟ್ಟವಳಿಗೆ ಮತ್ತೆ ಅಂಥದೇ ಕೆಲಸ ಸಿಗುವುದು ಅಪರೂಪ. ಪಿಎಫ್ ಕಟ್ಟುವುದು ಅಲ್ಲಿಗೇ ನಿಲ್ಲುತ್ತದೆ. ಅತ್ತೆಯನ್ನು ನೋಡಿಕೊಂಡವಳು ತನ್ನ ಮುಪ್ಪಿಗೆ ಬರಿಗೈಲಿ ಕಾಲಿಡುತ್ತಾಳೆ. ಅಮೆರಿಕದಲ್ಲಿರುವ ಮೈದುನ ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ, ನಿಜ. ಆದರೆ ಹಾಸಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಮನೆಯಲ್ಲಿ ಒಬ್ಬರು ಇರಲೇಬೇಕು.

ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಕರ್ನಾಟಕದ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಷ್ಟು ಮಾಡಿದ ರಾಜ್ಯ ಹಿರಿಯರ ಆರೈಕೆಗೆ ವರ್ಷಕ್ಕೆ ಹದಿನೈದು ದಿನಗಳನ್ನಾದರೂ ಕೊಡಲಿ. ಗಂಡು ಮಕ್ಕಳಿಗೂ ಕೊಡಲಿ, ಹೆಣ್ಣುಮಕ್ಕಳಿಗೂ ಕೊಡಲಿ. ಮೊದಲು ತನ್ನ ಕಚೇರಿಗಳಲ್ಲೇ ಶುರುಮಾಡಲಿ.