ಹಟ್ಟಿಯ ಗೊಬ್ಬರವೂ ಊರಿನ ಆರೋಗ್ಯವೂ

ಬೇಸಾಯದ ಮೂಲಧನವು ಹಟ್ಟಿಯಲ್ಲಿದೆಯೆಂಬುದನ್ನು ನಮ್ಮ ಜಿಲ್ಲೆಯ ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಯ ಸೀಮೆಗಳಲ್ಲಿ ಕುಮ್ಕಿಯ ಸೊಪ್ಪು ತರಗೆಲೆಗಳನ್ನು ತಂದು, ದನಗಳ ಕಾಲಡಿಗೆ ಹಾಸಿ, ಸೆಗಣಿ ಗಂಜಲಗಳೊಡನೆ ತುಳಿಸಿ, ಗುಂಡಿಯಲ್ಲಿ ಕೊಳೆಯಿಸಿ, ಅಡಕೆಯ ಬುಡಕ್ಕೂ ಬೈಲಿನ ಗದ್ದೆಗೂ ಹೊತ್ತು ಹಾಕುವ ಪದ್ಧತಿಯು ತಲೆತಲಾಂತರದಿಂದ ನಡೆದುಬಂದಿದೆ. ವರ್ಗದಾರನಿಗೆ ಕುಮ್ಕಿಯ ಸೌಕರ್ಯವು ಸಂದುದು ಕೂಡ ಮುಖ್ಯವಾಗಿ ಈ ಸೊಪ್ಪು ಸೌದೆಗಳಿಗಾಗಿಯೇ. ಆದರೆ ಈ ಗೊಬ್ಬರದೊಳಗೆ ಕಣ್ಣಿಗೆ ಕಾಣದೆ ದುಡಿಯುವ ಜೀವಿಗಳಾವುವು, ಅವುಗಳಲ್ಲಿ ಮಿತ್ರರೆಷ್ಟು, ಶತ್ರುಗಳೆಷ್ಟು ಎಂಬ ಪ್ರಶ್ನೆಯನ್ನು ರೈತನು ಕೇಳಿದ್ದು ಕಡಿಮೆ. ಅವನ ಪರವಾಗಿ ಕೇಳಬೇಕಾದವರೂ ಸಾಕಷ್ಟು ಕೇಳಿಲ್ಲ. ಇನ್ನು ಕೇಳದೆ ವಿಧಿಯಿಲ್ಲವೆಂಬುದು ನಮ್ಮ ಅಭಿಪ್ರಾಯವು.

ಸೆಗಣಿಯ ಒಂದೊಂದು ಗ್ರಾಮಿನಲ್ಲಿಯೂ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಗಂಜಲದೊಳಗಣ ಯೂರಿಯವನ್ನು ಒಡೆದು ಅಮೋನಿಯವನ್ನಾಗಿ ಮಾಡುವವು ಇವೇ. ಹಟ್ಟಿಯ ಬಾಗಿಲಲ್ಲಿ ಮೂಗಿಗೆ ಹೊಡೆಯುವ ಘಾಟು ಅದೇ. ಆ ಅಮೋನಿಯವನ್ನು ಮಣ್ಣಿನಲ್ಲಿರುವ ಬೇರೆ ಎರಡು ಬಗೆಯ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಬೇರು ಸುಲಭವಾಗಿ ಹೀರಿಕೊಳ್ಳುವ ಆಹಾರವಿದು. ಇದು ಬರಿಯ ರಸಾಯನಕ್ರಿಯೆಯಲ್ಲ, ಜೀವಿಗಳ ಕಾರ್ಯವೆಂಬುದನ್ನು ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬವರು ತೋರಿಸಿದರು. ರಷ್ಯದ ವಿನೋಗ್ರಾಡ್‌ಸ್ಕಿಯವರು ೧೮೯೦ರ ಸುಮಾರಿಗೆ ಆ ಜೀವಿಗಳನ್ನೇ ಬೇರ್ಪಡಿಸಿ ಲೋಕದ ಮುಂದಿರಿಸಿದರು. ಅರೆ ಕೊಳೆತ ತರಗೆಲೆಯನ್ನು ಗದ್ದೆಗೆ ಹಾಕಿದರೆ ಪೈರು ಕೆಲವು ಕಾಲ ಹಳದಿಯಾಗುವುದೇಕೆ? ಎಲೆಯನ್ನು ಜೀರ್ಣಿಸಲು ಬ್ಯಾಕ್ಟೀರಿಯಾಗಳಿಗೆ ಸಾರಜನಕವು ಬೇಕು. ಅದನ್ನು ಅವು ಮಣ್ಣಿನಿಂದಲೇ ಎತ್ತಿಕೊಂಡು ಪೈರನ್ನು ಉಪವಾಸ ಕೆಡಹುತ್ತವೆ. ಗೊಬ್ಬರವು ಮಾಗಬೇಕೆಂದು ಹಿರಿಯರು ಹೇಳಿದುದರ ಅರ್ಥವಿದು.

ಮಾಗುವಿಕೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಕೀರ್ತಿಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. ಆಲ್ಬರ್ಟ್ ಹೋವರ್ಡರು ಯಶವಂತ ವಾಡ್ ಅವರೊಡಗೂಡಿ ೧೯೩೧ರಲ್ಲಿ ಇಂದೂರ ಪದ್ಧತಿಯನ್ನು ಪ್ರಕಟಿಸಿದರು. ೧೯೩೯ರಲ್ಲಿ ಡಾ. ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ರೂಪಿಸಿದ ವಿಧಾನಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರಾಗಿದೆ. ಮೊದಲನೆಯದರಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವರು. ಎರಡನೆಯದರಲ್ಲಿ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ತಿಂಗಳುಗಟ್ಟಳೆ ಕೊಳೆಯಿಸುವರು. ಗಾಳಿಯೂ ಹದವಾದ ತೇವವೂ ಇರುವ ರಾಶಿಯಲ್ಲಿ ಉಷ್ಣಪ್ರಿಯ ಬ್ಯಾಕ್ಟೀರಿಯಾಗಳು ಹೆಚ್ಚಿ, ಒಳಗಿನ ಬಿಸಿಯು ೫೫ರಿಂದ ೬೫ ಡಿಗ್ರಿ ಸೆಲ್ಸಿಯಸಿನವರೆಗೆ ಏರುತ್ತದೆ. ಈ ಬಿಸಿಯಲ್ಲಿ ರೋಗಕಾರಕ ಜೀವಿಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅಂದರೆ ಗೊಬ್ಬರದ ಮಿತ್ರರೇ ಅದರ ಶತ್ರುಗಳನ್ನು ಕೊಲ್ಲುವರು; ರೈತನು ಅವರಿಗೆ ಸಮಯವನ್ನೂ ಗಾಳಿಯನ್ನೂ ಒದಗಿಸಬೇಕು, ಅಷ್ಟೆ.

ಈ ಅವಕಾಶವನ್ನೇ ನಾವೀಗ ಕಸಿದುಕೊಳ್ಳುತ್ತಿದ್ದೇವೆ. ಸೊಪ್ಪು ತರಲು ಆಳಿಲ್ಲ; ಅನೇಕ ಮನೆಗಳಲ್ಲಿ ಹಟ್ಟಿಯೇ ಬರಿದಾಗಿದೆ. ಘಟ್ಟದ ಮೇಲಿನಿಂದ ಕುರಿಗೊಬ್ಬರವೂ ಸಾಕಣೆಯ ಶೆಡ್ಡುಗಳಿಂದ ಕೋಳಿಗೊಬ್ಬರವೂ ಲಾರಿಗಳಲ್ಲಿ ಬಂದಿಳಿದು, ಹಲವೆಡೆ ಹಸಿಯಾಗಿಯೇ ತೋಟವನ್ನು ಸೇರುತ್ತವೆ. ಹಸಿ ಗೊಬ್ಬರದಲ್ಲಿ ಸಾಲ್ಮೊನೆಲ್ಲಾ, ರೋಗಕಾರಕ ಇ. ಕೋಲಿ, ಕ್ಯಾಂಪಿಲೋಬ್ಯಾಕ್ಟರ್ ಮೊದಲಾದವು ಇರಬಹುದು. ಧನುರ್ವಾಯುವಿನ ಬೀಜಕಗಳಂತೂ ಬಿಸಿಗೂ ಬಗ್ಗುವವಲ್ಲ. ಕಾಲಿನ ಗಾಯದಲ್ಲಿ ಗೊಬ್ಬರ ತುಳಿಯುವವನಿಗೆ ಲಸಿಕೆಯೇ ರಕ್ಷೆ. ಬಸಳೆ ಹರಿವೆಗಳನ್ನು ನಾವು ಬೇಯಿಸಿ ಉಣ್ಣುವೆವು. ಅದರಿಂದ ಭಯ ಕಡಿಮೆ. ಆದರೆ ತೋಟದ ತೋಡಿನ ಬದಿಯಲ್ಲಿ ಹಬ್ಬುವ ಒಂದೆಲಗವನ್ನು ಹಸಿಯಾಗಿಯೇ ಚಟ್ನಿಗೆ ಅರೆಯುತ್ತೇವೆ. ಮುಳ್ಳುಸೌತೆಯನ್ನು ಹಸಿಯಾಗಿಯೇ ತಿನ್ನುತ್ತೇವೆ. ಮಣ್ಣಿಗೆ ತಾಗುವ ಇಂಥ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯಿಲಿಗೆ ಮೊದಲು ೧೨೦ ದಿನಗಳಾದರೂ ಕಳೆಯಬೇಕೆಂದು ಅಮೆರಿಕದ ಸಾವಯವ ಕೃಷಿಯ ನಿಯಮವು ವಿಧಿಸುತ್ತದೆ.

ಇದಕ್ಕಿಂತ ಗಹನವಾದ ಇನ್ನೊಂದು ಸಂಗತಿಯಿದೆ. ಕೆಚ್ಚಲುಬಾವು ಬಂದ ದನಕ್ಕೂ ಗುಂಪಾಗಿ ಸಾಕಿದ ಕೋಳಿಗೂ ಆಂಟಿಬಯೋಟಿಕ್ ಔಷಧಗಳನ್ನು ಕೊಡುತ್ತಾರೆ. ಟೆಟ್ರಾಸೈಕ್ಲೀನಿನಂಥ ಔಷಧಗಳ ಬಹುಭಾಗವು ಮಾರ್ಪಡದೆ ಸೆಗಣಿ ಗಂಜಲಗಳಲ್ಲಿ ಹೊರಬೀಳುತ್ತದೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಅಲ್ಲಿ ಉಳಿದು ಬೆಳೆಯುತ್ತವೆ. ಆ ಶಕ್ತಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿಗೆ ಕೊಟ್ಟ ಮದ್ದು ನಾಟದೆ ಹೋಗುವ ದುರವಸ್ಥೆಗೆ ಇದೂ ಒಂದು ದಾರಿಯಾಗುತ್ತದೆ. ಕೈಬಿಟ್ಟ ರೋಗಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಕೇಂದ್ರ ಸರಕಾರವು ೨೦೧೯ರಲ್ಲಿ ನಿಷೇಧಿಸಿದುದು ಈ ಭೀತಿಯಿಂದಲೇ. ಚೆನ್ನಾಗಿ ಬಿಸಿಯೇರಿ ಮಾಗಿದ ಗೊಬ್ಬರದಲ್ಲಿ ಈ ಅಪಾಯವು ತಗ್ಗುತ್ತದೆ. ಪೂರ್ಣವಾಗಿ ಅಳಿಯುವುದೆಂದು ಹೇಳಲಾಗದು.

ಇದು ತೋಟಿಗರ ಗೋಳು, ಪೇಟೆಯವರಿಗೇನು ಎನ್ನುವವರು ನಮ್ಮ ಮಳೆಯನ್ನು ನೆನೆಯಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರಿಗೆ ಸಮೀಪವಾಗಿ, ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ ಸುರಿಯುವ ಈ ಮಳೆಗೆ ಮಾಡಿಲ್ಲದ ಗೊಬ್ಬರದ ರಾಶಿಯು ತೋಡಿಗೆ, ತೋಡು ಹೊಳೆಗೆ ಇಳಿಯುತ್ತದೆ. ಬೆಳ್ತಂಗಡಿಯ ಸೀಮೆಯಿಂದ ಬಂಟವಾಳಕ್ಕೆ ಹರಿದುಬರುವ ನೇತ್ರಾವತಿಯ ನೀರನ್ನೇ ತುಂಬೆಯಲ್ಲಿ ಕಟ್ಟಿ ಮಂಗಳೂರಿಗೆ ಕುಡಿಯಲು ಕೊಡುತ್ತಾರೆ. ಮಳೆಯಲ್ಲಿ ತೊಳೆದುಹೋದ ಸಾರಜನಕವು ರೈತನಿಗೂ ನಷ್ಟವೇ; ಅದೇ ನೀರು ಮನೆಯಂಗಳದ ಬಾವಿಗೆ ಇಳಿದರೆ ನಷ್ಟವು ಇಮ್ಮಡಿ.

ಗೊಬ್ಬರವನ್ನು ತೊರೆಯಿರೆಂದು ನಾವು ಹೇಳುತ್ತಿಲ್ಲ. ೧೯೫೬ರಲ್ಲಿ ಸ್ಥಾಪಿತವಾದ, ಬಂಟವಾಳ ತಾಲೂಕಿನದೇ ಆದ ವಿಟ್ಲದ ಅಡಕೆ ಸಂಶೋಧನಾ ಕೇಂದ್ರವು ಸೇರಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಅಡಕೆಯ ಮರವೊಂದಕ್ಕೆ ವರ್ಷಕ್ಕೆ ೧೨ ಕಿಲೋ ಹಟ್ಟಿಗೊಬ್ಬರ ಅಥವಾ ಕಂಪೋಸ್ಟನ್ನೂ ೧೨ ಕಿಲೋ ಹಸಿರು ಸೊಪ್ಪನ್ನೂ ಹಾಕಬೇಕೆನ್ನುತ್ತದೆ. ಬೇಕಾದುದು ಕೊಂಚ ಶಿಸ್ತು. ಗೊಬ್ಬರಗುಂಡಿಗೆ ಮಾಡು ಇರಲಿ, ಸುತ್ತ ಕಟ್ಟೆಯಿರಲಿ, ಬಾವಿಯಿಂದ ಅದು ದೂರವಿರಲಿ. ರಾಶಿಯನ್ನು ಮಗುಚಿ, ಹೊರಗಿನದು ಒಳಗಾಗುವಂತೆ ಮಾಡಿ, ಬಿಸಿಯೇರಿ ಆರುವ ತನಕ ಕಾಯಬೇಕು. ಲಾರಿಯಿಂದಿಳಿದ ಕೋಳಿಗೊಬ್ಬರವನ್ನು ತರಗೆಲೆಯೊಡನೆ ಮತ್ತೆ ಕೊಳೆಯಿಸದೆ ಮುಟ್ಟಬಾರದು. ಗೋಬರ್ ಗ್ಯಾಸಿನ ಸ್ಲರಿಯಲ್ಲಿ ರೋಗಾಣುಗಳು ತಗ್ಗಿರುತ್ತವೆ, ಇಲ್ಲವಾಗಿರುವುದಿಲ್ಲ. ಅದು ಮರದ ಬುಡಕ್ಕೆ ಸಲ್ಲಲಿ, ತರಕಾರಿಯ ಸಾಲಿಗೆ ಬೇಡ. ದನಕ್ಕೆ ಮದ್ದನ್ನು ಪಶುವೈದ್ಯರ ಮಾತಿಲ್ಲದೆ ಕೊಡುವುದು ನಿಲ್ಲಬೇಕು.

ಸರಕಾರದ ಹೊಣೆ ಇದಕ್ಕಿಂತ ದೊಡ್ಡದು. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯು ಹನ್ನೆರಡು ಗುಣಗಳನ್ನು ಅಳೆಯುತ್ತದೆ. ಸಾರಜನಕದಿಂದ ಬೋರಾನಿನವರೆಗೆ ಎಲ್ಲವೂ ಅಲ್ಲಿವೆ, ಜೀವಿಗಳ ಲೆಕ್ಕವಿಲ್ಲ. ಮಣ್ಣಿಗೆ ಜೀವವಿದೆಯೆಂದು ಭಾಷಣಗಳಲ್ಲಿ ಒಪ್ಪುವವರು ಚೀಟಿಯಲ್ಲಿ ಅದನ್ನು ಮರೆತುದು ವಿಚಿತ್ರವಾಗಿದೆ. ಮಾರಾಟಕ್ಕೆ ಬರುವ ಕೋಳಿ ಮತ್ತು ಕುರಿಗೊಬ್ಬರಗಳ ಮಾದರಿಗಳನ್ನು ಕ್ರಮವಾಗಿ ಪರೀಕ್ಷಿಸಿ, ಫಲವನ್ನು ಕನ್ನಡದಲ್ಲಿ ಪಂಚಾಯತುಗಳಿಗೆ ತಿಳಿಸುವ ಏರ್ಪಾಡಾಗಬೇಕು. ಕೃಷಿ, ಪಶುಸಂಗೋಪನೆ, ಆರೋಗ್ಯ ಈ ಮೂರು ಇಲಾಖೆಗಳೂ ಒಂದೇ ಮೇಜಿನ ಸುತ್ತ ಕುಳಿತರೆ ಮಾತ್ರ ಇದು ನಡೆದೀತು. ಏಕೆಂದರೆ ಹಟ್ಟಿಯ ಬ್ಯಾಕ್ಟೀರಿಯಾವು ಇಲಾಖೆಗಳ ಗಡಿಯನ್ನು ಅರಿಯದು. ಮಾಡುಳ್ಳ ಗುಂಡಿಯನ್ನು ಕಟ್ಟಿಕೊಳ್ಳಲು ಸಣ್ಣ ಹಿಡುವಳಿದಾರನಿಗೆ ಕೈಲಾದ ನೆರವನ್ನು ಬರುವ ಮಳೆಗಾಲಕ್ಕೆ ಮೊದಲೇ ಒದಗಿಸುವಂತೆ ನಾವು ಅಧಿಕಾರಿಗಳನ್ನು ಒತ್ತಾಯಿಸುತ್ತೇವೆ.