ನೋವಿನ ಬಾಗಿಲು, ಗಸಗಸೆಯ ಕೀಲಿಕೈ

ನಮ್ಮ ದೊಡ್ಡಮ್ಮ ಕ್ಯಾನ್ಸರಿನಿಂದ ಹಾಸಿಗೆ ಹಿಡಿದು ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ವೈದ್ಯರು ಮಾರ್ಫೀನ್ ಬರೆದುಕೊಟ್ಟರು. 'ಅದು ಅಫೀಮಲ್ಲವೆ? ಚಟ ಹತ್ತಿದರೆ ಗತಿಯೇನು?' ಎಂದು ಮನೆಯವರು ಹಿಂಜರಿದರು. ಹಿಂಜರಿದವರಲ್ಲಿ ನಾನೂ ಒಬ್ಬ. ಆ ಅಂಜಿಕೆಯಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ನಾನು ತಿಳಿದುಕೊಂಡದ್ದು ಆಕೆ ಹೋದ ಮೇಲೆ.

ಗಸಗಸೆಯ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. 1805ರ ಸುಮಾರಿಗೆ ಜರ್ಮನಿಯ ಸೆರ್ಟ್ಯುರ್ನರ್ ಎಂಬ ತರುಣ ಅದರ ಸತ್ತ್ವವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸನ ಹೆಸರನ್ನು ಅದಕ್ಕಿತ್ತ. ಆದರೆ ಅದು ಮಿದುಳಿನಲ್ಲಿ ನೆಲೆಗೊಳ್ಳುವ ತಾಣ ಗೊತ್ತಾದದ್ದು 1973ರಲ್ಲಿ. ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ನರಕೋಶಗಳ ಪೊರೆಯಲ್ಲಿ ಅದಕ್ಕೆ ತಕ್ಕ ಗ್ರಾಹಕಗಳಿರುವುದನ್ನು ತೋರಿಸಿದರು. ಗ್ರಾಹಕವೆಂದರೆ ಬೀಗ; ಮಾರ್ಫೀನ್ ಅದರ ಕೀಲಿಕೈ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲಿಯೋ ಹೊಲದಲ್ಲಿ ಬೆಳೆಯುವ ಗಿಡದ ಕೀಲಿಗೆ ನಮ್ಮ ತಲೆಯೊಳಗೆ ಬೀಗವೇಕೆ? ಉತ್ತರ ದೊರೆತದ್ದು 1975ರಲ್ಲಿ, ಸ್ಕಾಟ್‌ಲೆಂಡಿನ ಆಬರ್ಡೀನ್‌ನಲ್ಲಿ. ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ ಐದೈದು ಅಮೈನೊ ಆಮ್ಲಗಳಿಂದಾದ ಎರಡು ವಸ್ತುಗಳನ್ನು ಗುರುತಿಸಿದರು. ಅವಕ್ಕೆ ಎನ್‌ಕೆಫಲಿನ್ ಎಂದು ಹೆಸರು. ನೋವನ್ನು ತಗ್ಗಿಸಲು ದೇಹ ತಾನೇ ಇಂಥ ಮದ್ದುಗಳನ್ನು ತಯಾರಿಸಿಕೊಳ್ಳುತ್ತದೆ, ಬೀಗವಿರುವುದು ಅವುಗಳಿಗಾಗಿ. ಗಸಗಸೆಯದು ಹೋಲಿಕೆಯಿಂದ ಹೊಂದಿಕೊಂಡ ಕೀಲಿ.

ಮಾರ್ಫೀನ್ ಗ್ರಾಹಕದಲ್ಲಿ ಕುಳಿತೊಡನೆ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ದ್ವಾರ ಮುಚ್ಚುತ್ತದೆ; ಪೊಟಾಸಿಯಂ ಹೊರಹರಿದು ಕೋಶ ಶಾಂತವಾಗುತ್ತದೆ. ಗಾಯ ಮಾಯುವುದಿಲ್ಲ, ಅದರ ವಾರ್ತೆ ಬೆನ್ನುಹುರಿಯಲ್ಲಿಯೇ ಬಹುಮಟ್ಟಿಗೆ ತಡೆಯಲ್ಪಡುತ್ತದೆ.

ಇದೇ ಗ್ರಾಹಕಗಳು ಉಸಿರಾಟವನ್ನು ನಡೆಸುವ ಮಿದುಳಕಾಂಡದಲ್ಲಿಯೂ ಇವೆ. ಆದ್ದರಿಂದಲೇ ಪ್ರಮಾಣ ಮೀರಿದರೆ ಉಸಿರು ನಿಲ್ಲುತ್ತದೆ. ಆಗ ನೆರವಿಗೆ ಬರುವುದು ನಲಾಕ್ಸೋನ್: ಅದು ಬೀಗದೊಳಗೆ ಹೊಕ್ಕು, ಅದನ್ನು ತಿರುಗಿಸದೆ, ಮಾರ್ಫೀನನ್ನು ಹೊರದಬ್ಬುತ್ತದೆ. ಮಿದುಳಿನ ಸುಖದ ಜಾಲದಲ್ಲಿಯೂ ಈ ಗ್ರಾಹಕಗಳುಂಟು. ಚಟದ ಮೂಲ ಅಲ್ಲಿದೆ. ಬಹುಕಾಲ ಬಳಸಿದರೆ ಗ್ರಾಹಕಗಳು ಮಂದವಾಗಿ ಹೆಚ್ಚಿನ ಪ್ರಮಾಣ ಬೇಕಾಗುವುದೂ ಉಂಟು, ಥಟ್ಟನೆ ನಿಲ್ಲಿಸಿದರೆ ದೇಹ ತಳಮಳಿಸುವುದೂ ಉಂಟು. ಆದರೆ ಈ ಒಗ್ಗಿಕೆಯೇ ಚಟವಲ್ಲ. ಹಾನಿಯೆಂದು ತಿಳಿದೂ ಬಿಡಲಾಗದ ಹಂಬಲ ಚಟ.

ಹಾಗಾದರೆ ನಮ್ಮ ಅಂಜಿಕೆ ಪೂರ್ತಿ ಸುಳ್ಳಾಗಿರಲಿಲ್ಲ, ಅಸ್ಥಾನದಲ್ಲಿತ್ತು. ವೈದ್ಯರ ಕಣ್ಣೆದುರಿನಲ್ಲಿ, ಅಳತೆಯರಿತು ಕೊಟ್ಟಿದ್ದರೆ ದೊಡ್ಡಮ್ಮ ಆ ರಾತ್ರಿಗಳಲ್ಲಿ ಕೊಂಚ ನಿದ್ರಿಸುತ್ತಿದ್ದರೇನೋ. 2014ರಲ್ಲಿ ನಮ್ಮ ದೇಶದ ಕಾನೂನು ತಿದ್ದುಪಡಿಯಾಗಿ, ನರಳುವವರಿಗೆ ಈ ಮದ್ದು ದೊರೆಯುವ ದಾರಿ ಸುಗಮವಾಯಿತು. ಮನೆಯವರ ಮನಸ್ಸಿನ ತಿದ್ದುಪಡಿ ಮಾತ್ರ ಮನೆಯಲ್ಲಿಯೇ ಆಗಬೇಕು.