ನಿಮಗಿದು ಗೊತ್ತೇ? ಗೊಂಚಲು ಹೂಗಳ ಗುಟ್ಟುಗಳು!

ಹೂದೋಟಕ್ಕೆ ಹೊಸ ಗಿಡ ತರಬೇಕೆಂದಿದ್ದೀರಾ? ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರಬೇಕು, ಗೊಂಚಲು ಗೊಂಚಲಾಗಿ ಹೂ ಬಿಡಬೇಕು ಎಂಬ ಆಸೆಯೇ? ಹಾಗಾದರೆ ನರ್ಸರಿಗೆ ಹೊರಡುವ ಮೊದಲು ಇದನ್ನೊಮ್ಮೆ ಓದಿಬಿಡಿ. ಒಂದೊಂದು ಗೊಂಚಲಿಗೂ ಒಂದೊಂದು ಗುಟ್ಟಿದೆ. ಅದು ತಿಳಿದರೆ ಯಾವ ಗಿಡವನ್ನು ಎಲ್ಲಿ ನೆಡಬೇಕು ಎಂಬುದೂ ಹೊಳೆದುಬಿಡುತ್ತದೆ!

ಮೊದಲು ಮಡಿಕೇರಿ, ಚಿಕ್ಕಮಗಳೂರಿನ ತಂಪಿನಲ್ಲಿ ಸೊಗಸಾಗಿ ಅರಳುವ ಹೈಡ್ರಾಂಜಿಯಾ. ಒಂದೇ ಗಿಡದ ಎರಡು ಕಡ್ಡಿ ಕತ್ತರಿಸಿ ಎರಡು ಮನೆಯಲ್ಲಿ ನೆಡಿ. ಒಂದು ಮನೆಯಲ್ಲಿ ನೀಲಿ ಹೂ, ಇನ್ನೊಂದರಲ್ಲಿ ಗುಲಾಬಿ ಹೂ ಬಂದೀತು! ಬಣ್ಣ ತೀರ್ಮಾನಿಸುವುದು ಮಣ್ಣು. ಹುಳಿ ಮಣ್ಣಿನಲ್ಲಿ, ಅಂದರೆ ರಸಸಾರ 5.5ಕ್ಕಿಂತ ಕಡಿಮೆ ಇದ್ದಲ್ಲಿ, ಗಿಡ ಅಲ್ಯೂಮಿನಿಯಂ ಹೀರಿಕೊಂಡು ನೀಲಿ ಹೂ ಬಿಡುತ್ತದೆ. ಸುಣ್ಣದ ಅಂಶ ಹೆಚ್ಚಿದ್ದರೆ ಗುಲಾಬಿ. ಬಿಳಿ ತಳಿ ಮಾತ್ರ ಯಾವ ಮಣ್ಣಿಗೂ ಜಗ್ಗುವುದಿಲ್ಲ!

ಇನ್ನೂ ಒಂದು ಸೋಜಿಗ. ಹೈಡ್ರಾಂಜಿಯಾದಲ್ಲಿ ನೀವು ಎಸಳು ಎಂದುಕೊಂಡದ್ದು ಎಸಳೇ ಅಲ್ಲ! ಅವು ಹೂವಿನ ಹೊರದಳಗಳು. ನಿಜವಾದ ಎಸಳು ನಡುವೆ ಪುಟ್ಟದಾಗಿ ಅಡಗಿರುತ್ತದೆ. ಆ ಗೊಂಚಲು ವಾರಗಟ್ಟಲೆ ಬಾಡದೆ ನಿಲ್ಲುವುದು ಹೊರದಳಗಳು ಗಟ್ಟಿಯಾಗಿರುವುದರಿಂದಲೇ.

ಬೋಗನ್‌ವಿಲ್ಲಾದ ಆಟವೂ ಹೀಗೆಯೇ. ಕಾಗದದ ಹೂ ಎಂದು ನಾವು ಕರೆಯುವ ಆ ಕಡುಗೆಂಪು, ನೇರಳೆ, ಕಿತ್ತಳೆ ಬಣ್ಣವೆಲ್ಲ ಎಲೆಗಳದ್ದು! ಹತ್ತಿರ ಹೋಗಿ ನೋಡಿ. ಮೂರು ಬಣ್ಣದ ಎಲೆ, ಮೂರು ಸಣ್ಣ ಬಿಳಿ ಕೊಳವೆ. ಆ ಕೊಳವೆಗಳೇ ಅಸಲಿ ಹೂ. ಇದಕ್ಕೆ ದಿನಾ ನೀರು ಸುರಿದರೆ ಬರೀ ಸೊಪ್ಪು ಬೆಳೆಯುತ್ತದೆ. ಬಿಸಿಲು ಕೊಟ್ಟು ನೀರು ಕಡಿಮೆ ಮಾಡಿ, ಗಿಡ ಬಣ್ಣದಲ್ಲಿ ಮುಳುಗಿಹೋಗುತ್ತದೆ!

ಬೋಗನ್‌ವಿಲ್ಲಾ ಲೋಕಕ್ಕೆ ಪರಿಚಯವಾದ ಕಥೆ ಗೊತ್ತೇ? 1767ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಇದನ್ನು ಸಂಗ್ರಹಿಸಿದವರು ಫ್ರೆಂಚ್ ಸಸ್ಯಶಾಸ್ತ್ರಜ್ಞ ಫಿಲಿಬೆರ್ ಕೊಮೆರ್ಸಾನ್. ಅವರ ಸಹಾಯಕಿ ಜಾನ್ ಬಾರೆ. ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದ ಕಾಲ. ಆಕೆ ಗಂಡಸಿನ ವೇಷ ತೊಟ್ಟು ಹಡಗು ಹತ್ತಿದ್ದರು! ಮುಂದೆ ಭೂಮಿಯನ್ನು ಒಂದು ಸುತ್ತು ಬಂದ ಮೊದಲ ಮಹಿಳೆ ಎನಿಸಿಕೊಂಡರು. ನಿಮ್ಮ ಕಾಂಪೌಂಡಿನ ಬಳ್ಳಿಯ ಹಿಂದೆ ಎಂಥ ಸಾಹಸವಿದೆ ನೋಡಿ!

ರಂಗೂನ್ ಬಳ್ಳಿಯ ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕೆಂಪು ಮೂರೂ ಹೂ ಕಂಡು ಬೆರಗಾಗಿದ್ದೀರಾ? ಅವು ಮೂರು ಜಾತಿಯಲ್ಲ, ಮೂರು ವಯಸ್ಸು! ಸಂಜೆ ಬಿಳಿಯಾಗಿ ಅರಳುತ್ತದೆ. ಮರುದಿನ ಗುಲಾಬಿ. ಮೂರನೆಯ ದಿನದ ಹೊತ್ತಿಗೆ ಕಡುಗೆಂಪು. ಬಿಳಿ ಹೂವಿಗೆ ರಾತ್ರಿಯ ಪತಂಗಗಳು ಬರುತ್ತವೆ. ಬಣ್ಣ ಏರಿದ ಮೇಲೆ ಹಗಲಿನ ಜೇನ್ನೊಣ, ಚಿಟ್ಟೆಗಳ ಸರದಿ. ಒಂದೇ ಹೂವಿಗೆ ಎರಡು ಪಾಳಿಯ ಅತಿಥಿಗಳು!

ಇದಕ್ಕೆ ತೀರಾ ವಿರುದ್ಧ ಬ್ರನ್‌ಫೆಲ್ಸಿಯಾ. ನರ್ಸರಿಯಲ್ಲಿ ‘ಯೆಸ್ಟರ್‌ಡೇ-ಟುಡೇ-ಟುಮಾರೋ’ ಎಂದು ಕೇಳಿದರೆ ಕೊಡುತ್ತಾರೆ. ಇದು ಅರಳುವಾಗ ಕಡುನೇರಳೆ, ಆಮೇಲೆ ತಿಳಿನೇರಳೆ, ಕೊನೆಗೆ ಅಚ್ಚ ಬಿಳಿ! ಅದು ಬಣ್ಣ ಏರಿಸಿಕೊಂಡರೆ ಇದು ಇಳಿಸಿಕೊಳ್ಳುತ್ತದೆ. ಎರಡನ್ನೂ ಅಕ್ಕಪಕ್ಕ ಬೆಳೆಸಿ ನೋಡಿ. ಆದರೆ ಮನೆಯಲ್ಲಿ ನಾಯಿ ಇದ್ದರೆ ಬ್ರನ್‌ಫೆಲ್ಸಿಯಾ ಬೇಡವೇ ಬೇಡ. ಅದರ ಬೀಜ, ಕಾಯಿ ನಾಯಿಗಳಿಗೆ ಕಡು ವಿಷ!

ಕರಾವಳಿಯ ಕೇಪಳ ಯಾರಿಗೆ ಗೊತ್ತಿಲ್ಲ? ಕೆಂಪು ಹೂ ಕಿತ್ತು ಕೊಳವೆಯ ಬುಡದಿಂದ ಸಿಹಿ ಹೀರದ ಮಕ್ಕಳೇ ಇಲ್ಲ. ಈ ಪುಟ್ಟ ಹೂ ಮಾಡುವ ಚಮತ್ಕಾರ ನೋಡಿ. ಮೊಗ್ಗು ಬಿರಿಯುವ ಮೊದಲೇ ಪರಾಗವೆಲ್ಲ ನಡುವಿನ ಕಡ್ಡಿಗೆ ಮೆತ್ತಿಕೊಂಡಿರುತ್ತದೆ! ಅರಳಿದಾಗ ಆ ಕಡ್ಡಿ ಚಿಟ್ಟೆಗೆ ಪರಾಗ ಒಡ್ಡುತ್ತದೆ. ಬಳಿಕ ಅದೇ ಕಡ್ಡಿಯ ತುದಿ ಬಿಚ್ಚಿಕೊಂಡು ಬೇರೆ ಹೂವಿನ ಪರಾಗವನ್ನು ಸ್ವೀಕರಿಸುತ್ತದೆ. ಮೊದಲು ಗಂಡು, ಆಮೇಲೆ ಹೆಣ್ಣು!

ಕೇಪಳಕ್ಕೆ ಸಿಮೆಂಟ್ ಗೋಡೆ ಆಗಿಬರುವುದಿಲ್ಲ ಎಂಬುದು ಗೊತ್ತೇ? ಗೋಡೆಯ ಸುಣ್ಣದ ಅಂಶ ಮಣ್ಣಿಗಿಳಿದರೆ ಬೇರಿಗೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ಎಲೆಯ ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ! ಗೋಡೆಯಿಂದ ಸ್ವಲ್ಪ ದೂರ ನೆಟ್ಟರೆ ಕೇಪಳ ಕೆಂಪು ಕೆಂಪಾಗಿ ನಗುತ್ತದೆ.

ರತ್ನಗಂಧಿ ಗಿಡಕ್ಕೆ ಚಿಟ್ಟೆ ಬಂದಾಗ ಅದರ ರೆಕ್ಕೆ ಗಮನಿಸಿ. ಹೂವಿನಿಂದ ಉದ್ದಕ್ಕೆ ಚಾಚಿದ ಕೆಂಪು ಕೇಸರಗಳು ರೆಕ್ಕೆಗೆ ತಾಗುತ್ತವೆ. ಪರಾಗ ಸಾಗುವುದು ರೆಕ್ಕೆಯ ಮೇಲೆಯೇ! ದೂರದ ಬಾರ್ಬಡೋಸ್ ದೇಶದ ರಾಷ್ಟ್ರೀಯ ಹೂ ಯಾವುದು ಹೇಳಿ? ನಮ್ಮ ಬೀದಿಬದಿಯ ಇದೇ ರತ್ನಗಂಧಿ!

ತಿಳಿನೀಲಿ ಪ್ಲಂಬಾಗೊ ಹೂವಿನ ತೊಟ್ಟಿನ ಬಳಿ ಮುಟ್ಟಿ ನೋಡಿ. ಬೆರಳಿಗೆ ಅಂಟುತ್ತದೆ! ಮಕ್ಕಳು ಇದನ್ನು ಕಿವಿಗೆ ಅಂಟಿಸಿಕೊಂಡು ಓಲೆ ಮಾಡಿಕೊಳ್ಳುವುದುಂಟು. ಪಟ್ಟೆಪಟ್ಟೆ ರೆಕ್ಕೆಯ ಜೀಬ್ರಾ ಬ್ಲೂ ಚಿಟ್ಟೆ ಮೊಟ್ಟೆ ಇಡುವುದೂ ಈ ಗಿಡದ ಮೊಗ್ಗುಗಳ ಮೇಲೆ. ಹೂ ತಿನ್ನುವ ಪುಟ್ಟ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ನಾಳಿನ ಚಿಟ್ಟೆ!

ಕಣಗಿಲೆ ದೇವರ ಪೂಜೆಗೆ ಸದಾ ಒದಗುವ ಹೂ. ಅದು ದುಂಬಿಗಳಿಗೆ ಮೋಸ ಮಾಡುತ್ತದೆ ಎಂದರೆ ನಂಬುತ್ತೀರಾ? ಹೂವಿನಲ್ಲಿ ಮಕರಂದದ ಒಂದು ಹನಿಯೂ ಇಲ್ಲ! ಅಂದ ನೋಡಿ ಬಂದವರು ಬರಿಗೈಲಿ ಮರಳುತ್ತಾರೆ, ಪರಾಗ ಮಾತ್ರ ಹೊತ್ತು. 1945ರಲ್ಲಿ ಅಣುಬಾಂಬಿಗೆ ಸುಟ್ಟ ಹಿರೋಶಿಮಾದಲ್ಲಿ ಮೊದಮೊದಲು ಅರಳಿದ ಹೂಗಳಲ್ಲಿ ಇದೂ ಒಂದು. ಇಂದು ಅದು ಆ ನಗರದ ಅಧಿಕೃತ ಹೂ! ಗಿಡದ ಪ್ರತಿ ಭಾಗವೂ ವಿಷ. ಮಕ್ಕಳಿಗೆ, ದನಕರುಗಳಿಗೆ ಎಟುಕದ ಜಾಗದಲ್ಲಿರಲಿ.

ಕನಕಾಂಬರದ ಒಣಗಿದ ತೆನೆಗೆ ನೀರು ಚಿಮುಕಿಸಿ ಸುಮ್ಮನೆ ಕಾಯಿರಿ. ಚಟ್! ಕಾಯಿ ಸಿಡಿದು ಬೀಜ ದೂರಕ್ಕೆ ಹಾರುತ್ತದೆ! ಮಳೆ ಬಿದ್ದ ನೆಲ ಮೊಳಕೆಗೆ ಹದವಾಗಿರುತ್ತದಲ್ಲ, ಗಿಡ ಆ ಗಳಿಗೆಗೇ ಕಾದಿರುತ್ತದೆ. ಆದರೆ ಡೆಲ್ಲಿ ಕನಕಾಂಬರದಲ್ಲಿ ಈ ಪಟಾಕಿ ಹುಡುಕಬೇಡಿ. ಅದರಲ್ಲಿ ವರ್ಣತಂತುಗಳದ್ದು ಮೂರು ಗುಂಪು. ಹಾಗಾಗಿ ಬೀಜವೇ ಕಟ್ಟುವುದಿಲ್ಲ. ಕಡ್ಡಿ ಕತ್ತರಿಸಿಯೇ ಬೆಳೆಸಬೇಕು!

ಸುಗಂಧರಾಜ ಮೂಲತಃ ಮೆಕ್ಸಿಕೊದ್ದು. ಆದರೆ ಅಲ್ಲಿನ ಕಾಡಿನಲ್ಲಿ ಹುಡುಕಿದರೂ ಈ ಗಿಡ ಸಿಗುವುದಿಲ್ಲ! ಮನುಷ್ಯರು ಬೆಳೆಸಿದ ಹೊಲ, ತೋಟಗಳಲ್ಲಷ್ಟೇ ಉಳಿದುಕೊಂಡಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ಹೊಸ ತಳಿಗಳನ್ನೇ ಕೊಟ್ಟಿದೆ. ‘ಸುವಾಸಿನಿ’ ತಳಿಯ ಹೂವಿಗೆ ಸುತ್ತು ಸುತ್ತು ಎಸಳು. ‘ಪ್ರಜ್ವಲ್’ ತಳಿಯ ಮೊಗ್ಗಿಗೆ ತಿಳಿಗುಲಾಬಿ ಛಾಯೆ, ಅರಳಿದರೆ ಬಿಳಿ! ಕುಂಡವನ್ನು ಮಲಗುವ ಕೋಣೆಯ ಕಿಟಕಿಯ ಹತ್ತಿರ ಇಡಿ. ಪರಿಮಳ ಹೆಚ್ಚುವುದೇ ಕತ್ತಲಾದ ಮೇಲೆ!

ಮೇಣದಲ್ಲಿ ಕೊರೆದಿಟ್ಟಂತೆ ಹೊಳೆಯುವ ಹೋಯಾ ಹೂಗೊಂಚಲು ಬಾಡಿತು ಎಂದು ತೊಟ್ಟು ಕತ್ತರಿಸಿಬಿಟ್ಟಿರಾ? ಅಯ್ಯೋ! ಮುಂದಿನ ಸಲ ಹೂ ಬರುವುದು ಅದೇ ಹಳೆಯ ತೊಟ್ಟಿನಲ್ಲಿ. ಬಾಡಿದ ಹೂ ಉದುರಲಿ, ತೊಟ್ಟು ಹಾಗೆಯೇ ಇರಲಿ.

ಲಂಟಾನಾದ ಅಂದಕ್ಕೆ ಮಾತ್ರ ಮರುಳಾಗಬೇಡಿ! 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹಬ್ಬಿ ಹುಲ್ಲಿಗೂ ಜಾಗವಿಲ್ಲದಂತೆ ಮಾಡಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಾಂಡದಿಂದ ಕುರ್ಚಿ, ಮೇಜು ಮಾಡುತ್ತಾರೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಅದರಿಂದ ಆಳೆತ್ತರ ಮೀರಿದ ಆನೆಗಳನ್ನೇ ಕಟ್ಟಿದರು. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು! ಮನೆಯಂಗಳಕ್ಕೆ ಚಿಟ್ಟೆ ಬರಬೇಕೆ? ಲಂಟಾನಾ ಬದಲು ಪೆಂಟಾಸ್ ನೆಡಿ. ಅದರ ಗೊಂಚಲಿಗೂ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ.

ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾಕ್ಕೆ ಕತ್ತಲೆಯೇ ಗೊಬ್ಬರ! ಉದ್ದನೆಯ ರಾತ್ರಿಗಳು ಸಿಕ್ಕರೆ ಮಾತ್ರ ತುದಿಯ ಎಲೆ ಕೆಂಪಾಗುತ್ತದೆ, ನಡುವೆ ಹಳದಿ ಹೂಗೊಂಚಲು ಮೂಡುತ್ತದೆ. ಬೀದಿದೀಪ ರಾತ್ರಿಯಿಡೀ ಅದರ ಮೇಲೆ ಬೀಳುತ್ತಿದೆಯೇ? ಹಾಗಾದರೆ ಡಿಸೆಂಬರ್ ಬಂದರೂ ಗಿಡ ಹಸಿರಾಗಿಯೇ ಉಳಿದೀತು. ರಾತ್ರಿ ಹೊತ್ತು ಕುಂಡ ಕತ್ತಲೆಯ ಮೂಲೆಗೆ ಸರಿಸಿ!

ಸೇವಂತಿಗೆಗೂ ರಾತ್ರಿಯ ಲೆಕ್ಕ ಗೊತ್ತು. ರೈತರು ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ. ಹೊಲದ ತುಂಬ ಬಲ್ಬು ಕಟ್ಟಿ ರಾತ್ರಿ ಬೆಳಗಿಸುತ್ತಾರೆ. ರಾತ್ರಿ ಇನ್ನೂ ಚಿಕ್ಕದು ಎಂದುಕೊಂಡು ಗಿಡ ಮೊಗ್ಗು ಬಿಡದೆ ಎತ್ತರ ಬೆಳೆಯುತ್ತದೆ. ಬಲ್ಬು ಆರಿಸಿದ ಮೇಲೆ ಹೂವಿನ ಸಿದ್ಧತೆ ಶುರು. ಬೇಕಾದ ಹೊತ್ತಿಗೆ ಹೂ!

ಕಟ್ಟಕಡೆಯ ಅಚ್ಚರಿಯೂ ಸೇವಂತಿಗೆಯದೇ. ಒಂದು ಹೂವನ್ನು ಅಂಗೈಯಲ್ಲಿ ಬಿಡಿಸಿ ನೋಡಿ. ನೀವು ಎಸಳು ಎಂದು ಬಿಡಿಸುವ ಒಂದೊಂದೂ ಒಂದೊಂದು ಪೂರ್ತಿ ಹೂ! ನಡುವಿನ ಹಳದಿ ಬೊಟ್ಟುಗಳೂ ಒಂದೊಂದು ಹೂವೇ. ನಾವು ಒಂದು ಹೂ ಎಂದು ಮುಡಿಯುವುದು ಹತ್ತಾರು, ಕೆಲವೊಮ್ಮೆ ನೂರಾರು ಹೂಗಳ ಗೊಂಚಲು! ನರ್ಸರಿಯಲ್ಲಿ ಗೊಂಚಲು ಹೂವಿನ ಗಿಡ ಕೇಳುವಾಗ ಪಟ್ಟಿಯ ಮೊದಲಿಗೆ ಸೇವಂತಿಗೆಯನ್ನೇ ಬರೆದುಕೊಳ್ಳಿ!